ಮಂಗಗಳನ್ನು ಓಡಿಸಿದ ಸಿಲಿಂಡರ್

ಕಳೆದ ತಿಂಗಳು ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಿ ಕೊಪ್ಪದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಎದುರಿನ ಹೋಟೆಲಿನ ಹಿತ್ತಲಲ್ಲಿ ಯಾರೋ ಉಂಡು ಬಿಟ್ಟ ಹಾಳೆ ತಟ್ಟೆಗಳನ್ನು ರಾಶಿ ಹಾಕಿ ಬೆಂಕಿ ಹಚ್ಚಿದ್ದರು. ಅಡಿಕೆ ಹಾಳೆ ಸುಟ್ಟ ವಾಸನೆ ಕೆಟ್ಟದ್ದೇನಲ್ಲ. ಒಣಹುಲ್ಲಿನ ಜೊತೆ ಒಂದು ಚೂರು ಬೆಲ್ಲ ಕರಕಾದ ಹಾಗೆ ಇರುತ್ತದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಅದನ್ನು ಗಮನಿಸಲೂ ಇಲ್ಲ. ನಾನು ಮಾತ್ರ ಬ್ಯಾಗನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಬಾಗಿಲು ಎಲ್ಲಿದೆ ಎಂದು ಹುಡುಕುತ್ತಿದ್ದೆ. ಬಸ್‌ಸ್ಟ್ಯಾಂಡಿಗೆ ಎಲ್ಲಿಯ ಬಾಗಿಲು. ಆದರೂ ಹುಡುಕಿದೆ. ಬಸ್ಸು ಬಂದು, ಕಂಡಕ್ಟರು ಕೊಪ್ಪ ಕೊಪ್ಪ ಎಂದು ಕೂಗಿ, ಹೊರಟೂಹೋಯಿತು.

ಆ ವಾಸನೆ ನನ್ನ ಮಟ್ಟಿಗೆ ಒಂದೇ ಒಂದು ಬೇಸಿಗೆಗೆ ಸೇರಿದ್ದು. ಆ ಬೇಸಿಗೆ ಅಮ್ಮ ನನ್ನ ಕಣ್ಣೆದುರೇ ಬೆಂಕಿಯ ನಡುವೆ ಸಿಕ್ಕಿಬಿದ್ದಳು. ಬದುಕಿ ಬಂದಳು, ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರ ಎದೆ ಹಿಂಡಿ ಕೂರಿಸಿಕೊಳ್ಳುವ ಬರವಣಿಗೆ ನನಗೆ ಆಗಿಬರುವುದಿಲ್ಲ. ಆದರೆ ನನ್ನ ವಾದ ಇದು: ಅವಳನ್ನು ಬೆಂಕಿಯ ಬಾಯಿಗೆ ಕರೆದುಕೊಂಡು ಹೋದದ್ದು, ಬೆಂಕಿ ಆರಿಸಲಿಕ್ಕೆಂದೇ ಗೋಡೆಗೆ ತೂಗುಹಾಕಿದ್ದ ಕೆಂಪು ಸಿಲಿಂಡರ್. ಅತಿಯಾಯಿತು ಅನಿಸಿದರೆ ಪೂರ್ತಿ ಕೇಳಿ, ಆಮೇಲೆ ಎದುರುವಾದ ಹೂಡಿ.

ನನ್ನ ಬಿ.ಎ. ಮುಗಿದಿತ್ತು. ಕಾನೂನು ಓದಲು ಸೇರುವುದಕ್ಕೆ ಇನ್ನೂ ಕೆಲವು ತಿಂಗಳಿತ್ತು. ಕಾಲೇಜಿನಲ್ಲಿ ಇದ್ದಷ್ಟು ವರ್ಷವೂ ಚರ್ಚಾಸ್ಪರ್ಧೆಗೆ ಹೋದವಳು ನಾನು. ಶೃಂಗೇರಿಯಲ್ಲಿ ಒಮ್ಮೆ, ವಿದ್ಯಾರ್ಥಿಗೆ ಮೊಬೈಲು ಬೇಕು ಎಂದು ಬೆಳಿಗ್ಗೆ ಗೆದ್ದು, ಬೇಡ ಎಂದು ಮಧ್ಯಾಹ್ನ ಗೆದ್ದಿದ್ದೆ. ಅಮ್ಮನಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. ಹಾಗಾದರೆ ನಿನ್ನ ಪ್ರಕಾರ ಬೇಕೋ ಬೇಡವೋ ಎಂದು ಕೇಳಿದ್ದಳು. ಅದು ಪ್ರಶ್ನೆಯಲ್ಲ ಎಂದು ನಾನು ಹೇಳಿದಾಗ, ಮತ್ತೆಂತದು ಪ್ರಶ್ನೆ ಎಂದು ಹಾಳೆ ಉಜ್ಜಲು ಹೋಗಿದ್ದಳು.

ಅಮ್ಮ ಬಾಳಗಡಿಯ ಒಂದು ಹಾಳೆ ತಟ್ಟೆ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ನಾನು ಹೈಸ್ಕೂಲು ಸೇರಿದ ವರ್ಷದಿಂದ ಆ ಶೆಡ್ಡಿನ ಕೊನೆಯ ಮೆಷಿನ್ ಅವಳದ್ದು. ಯಜಮಾನರು ನೆಮ್ಮಾರಿನ ನಾಗೇಶಣ್ಣ. ಊರಲ್ಲಿ ತೋಟವಿದ್ದವರು, ಸೊಂಟಕ್ಕೆ ಕೈಯಿಟ್ಟು ನಿಂತು ಹಾಸ್ಯ ಮಾಡುವವರು, ಕೆಲಸದ ಹೆಂಗಸರ ಮನೆಯ ಹುಷಾರು ಕೇಳುವವರು. ಆ ಬೇಸಿಗೆ ನನ್ನನ್ನೂ ಕರೆದು, ಫೋನು ತೆಗೆದುಕೊಳ್ಳಲು, ಬಿಲ್ಲು ಬರೆಯಲು ಶೆಡ್ಡಿನ ಪಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿದರು. ಮೊದಲ ದಿನದಿಂದಲೇ ನನ್ನನ್ನು ವಕೀಲಮ್ಮ ಎಂದು ಕರೆಯಲು ಶುರುಮಾಡಿದರು. ಇನ್ನೂ ವಕೀಲೆಯಾಗಿಲ್ಲ ಎಂದು ನಾನು ತಕರಾರು ತೆಗೆದದ್ದೇ ಅವರಿಗೆ ಸಾಕ್ಷಿಯಾಯಿತು.

ಹಾಳೆಯ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಅಡಿಕೆ ಮರದಿಂದ ಸೋಗೆ ಬೀಳುವಾಗ ಅದರ ಬುಡದ ಅಗಲವಾದ ಹಾಳೆಯೂ ಬೀಳುತ್ತದೆ. ಬೇಸಿಗೆಯಲ್ಲಿ ಬಿದ್ದದ್ದನ್ನು ಆರಿಸಿ ಒಣಗಿಸಿ ಕಟ್ಟಿಟ್ಟರೆ ಉಂಟು, ಮಳೆ ಹಿಡಿದರೆ ಬೂಷ್ಟು ಬಂದು ಹೋಯಿತು. ಹಾಗಾಗಿ ವರ್ಷಕ್ಕೆ ಬೇಕಾದಷ್ಟು ಹಾಳೆಯನ್ನು ನಾಗೇಶಣ್ಣ ಆ ಕೆಲವೇ ತಿಂಗಳಲ್ಲಿ ತುಂಬಿಸಿಕೊಳ್ಳಬೇಕು. ಕಿಗ್ಗದ ಕಡೆಯಿಂದ, ನೆಮ್ಮಾರಿನಿಂದ ಪಿಕಪ್ಪುಗಳು ಬರುತ್ತಲೇ ಇರುತ್ತಿದ್ದವು. ಏಪ್ರಿಲ್ ಹೊತ್ತಿಗೆ ಶೆಡ್ಡಿನ ಮೂರು ಗೋಡೆ ಕಾಣುತ್ತಿರಲಿಲ್ಲ, ಚಾವಣಿಯ ಶೀಟಿಗೆ ತಾಗುವವರೆಗೆ ಕಟ್ಟುಗಳು. ಹಿಂದಿನ ಬಾಗಿಲು ಇದೆ ಎಂಬುದು ನೆನಪಿದ್ದವರಿಗೆ ಮಾತ್ರ ಗೊತ್ತು. ಕೈಯಿಟ್ಟರೆ ಗರಗರ ಎನ್ನುವ ಒಣಹಾಳೆಯ ನಡುವೆ ಸಾಲಾಗಿ ಮೆಷಿನ್ನು, ಪ್ರತಿಯೊಂದರ ಹೊಟ್ಟೆಯಲ್ಲಿ ಕೆಂಪಗೆ ಕಾಯುವ ಹೀಟರ್. ಇದನ್ನು ನಾನು ಈಗ ಬರೆಯುವಾಗ ಮೈ ಜುಮ್ಮೆನ್ನುತ್ತದೆ. ಆಗ ಅದು ಅಮ್ಮನ ಕೆಲಸದ ಜಾಗ, ಅಷ್ಟೆ.

ತೊಟ್ಟಿಯಲ್ಲಿ ನೆನೆಸಿ ಉಜ್ಜಿದ ಹಾಳೆಯನ್ನು ಬಿಸಿ ಅಚ್ಚಿನ ಮೇಲಿಟ್ಟು ಹಿಡಿಕೆ ಎಳೆದರೆ ಆವಿ ಚುಸ್ಸೆಂದು ಏಳುತ್ತದೆ, ಎತ್ತಿದರೆ ತಟ್ಟೆ. ಸುತ್ತಲಿನ ಅಂಚು ತುಂಡಾಗಿ ಕಾಲಬುಡಕ್ಕೆ ಬೀಳುತ್ತದೆ. ಆ ಚೂರನ್ನು ಯಾರೂ ಗುಡಿಸುತ್ತಿರಲಿಲ್ಲ. ಯಾಕೆಂದರೆ ಅದು ಕಸವಲ್ಲ. ಸಂಜೆ ಚೀಲಕ್ಕೆ ತುಂಬಿ ಮನೆಗೆ ಒಯ್ದರೆ ಸ್ನಾನದ ಹಂಡೆ ಕಾಯುತ್ತದೆ. ಅವರವರ ಮೆಷಿನ್ನಿನ ಬುಡದ ರಾಶಿ ಅವರವರದ್ದು, ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಅಮ್ಮನ ರಾಶಿಯಿಂದ ಒಂದು ಹಿಡಿ ತೆಗೆದರೂ ಪಕ್ಕದ ಮೆಷಿನ್ನಿನ ಸುಮಿತ್ರಕ್ಕನ ಜೊತೆ ಒಂದು ದಿನ ಮಾತು ಬಂದ್.

ಮತ್ತೊಂದು ರೂಢಿ. ಕರೆಂಟು ಹೋದರೆ ಹೀಟರಿನ ಸ್ವಿಚ್ ಯಾರೂ ಆರಿಸುತ್ತಿರಲಿಲ್ಲ. ನಮ್ಮ ಕಡೆ ಕರೆಂಟು ಹೋಗುವುದು ಬರುವುದು ಅದರ ಇಷ್ಟ. ಬಂದ ಕೂಡಲೇ ಅಚ್ಚು ಕಾಯಲು ಶುರುವಾದರೆ ನಾವು ಕೂರುವ ಹೊತ್ತಿಗೆ ಬಿಸಿ ತಯಾರಿರುತ್ತದೆ ಎಂಬುದು ಲೆಕ್ಕಾಚಾರ. ಬಿಸಿ ಹೆಚ್ಚಾದಾಗ ತಾನಾಗಿ ನಿಲ್ಲಿಸುವ ಸಾಧನ ಅಮ್ಮನ ಮೆಷಿನ್ನಿನಲ್ಲಿ ಕೆಟ್ಟು ಬಹಳ ಕಾಲವಾಗಿತ್ತು. ಅವಳು ವಾಸನೆ ನೋಡಿಯೇ ಸ್ವಿಚ್ ಆರಿಸುತ್ತಿದ್ದಳು. ಅದನ್ನು ಅವಳ ಕೈಗುಣ ಎಂದು ಎಲ್ಲರೂ ಹೊಗಳುತ್ತಿದ್ದರು.

ಇನ್ನು ಸಿಲಿಂಡರ್. ಬೆಂಕಿ ಆರಿಸುವ ಪುಡಿ ತುಂಬಿದ ಕೆಂಪು ಸಿಲಿಂಡರ್ ಎರಡಿದ್ದವು. ಒಂದು ಬಾಗಿಲ ಪಕ್ಕದ ಮೊಳೆಯಲ್ಲಿ. ಇನ್ನೊಂದು ಹಿಂದಿನ ಬಾಗಿಲ ಹತ್ತಿರ, ಅಂದರೆ ಆ ವರ್ಷದ ಹಾಳೆ ಕಟ್ಟಿನ ಹಿಂದೆ ಎಲ್ಲೋ. ಆಯುಧಪೂಜೆಯಲ್ಲಿ ಮೆಷಿನ್ನಿನ ಜೊತೆಗೆ ಸಿಲಿಂಡರಿಗೂ ಗಂಧ ಕುಂಕುಮ ಹಚ್ಚಿದ್ದರು. ಮೇಲುಗಡೆ ಒಂದು ಸಣ್ಣ ಮೀಟರ್ ಇದೆಯಲ್ಲ, ಒಳಗೆ ಒತ್ತಡ ಇದೆಯೋ ಇಲ್ಲವೋ ತೋರಿಸುವುದು, ಅದರ ಗಾಜು ದುಂಡಗೆ ಹಣೆಯ ಹಾಗೆ ಕಾಣಿಸಿದ್ದರಿಂದ ಬೊಟ್ಟು ಅಲ್ಲಿಗೇ ಬಿದ್ದಿತ್ತು.

ಮಂಗಗಳು ಬಂದದ್ದು ಮಾರ್ಚಿನಲ್ಲಿ. ಹೆಂಗಸರ ಬುತ್ತಿ ಚೀಲಗಳು ಬಾಗಿಲ ಹತ್ತಿರ ಸಾಲಾಗಿ ತೂಗುತ್ತಿದ್ದವು. ಮಂಗಗಳಿಗೆ ಇದು ಗೊತ್ತಾಗಲು ಎಷ್ಟು ಹೊತ್ತು ಬೇಕು. ದೊಡ್ಡ ಗಂಡು ಮಂಗ ಒಂದು ಬಾಗಿಲಲ್ಲೇ ಕೂತು ಸುಮಿತ್ರಕ್ಕನ ಡಬ್ಬಿಯನ್ನು ತಿರುಗಿಸಿ ಮುಚ್ಚಳ ತೆಗೆಯಿತು. ಕೋಲು ಬೀಸಿದರೆ ಹಲ್ಲು ಕಿಸಿಯಿತು. ಪಟಾಕಿಗೆ ಹೆದರಲಿಲ್ಲ, ಆಟಿಕೆಯ ಹುಲಿಯನ್ನು ತಂದಿಟ್ಟರೆ ಅದರ ಬಾಲ ಕಿತ್ತಿತು. ಒಂದು ದಿನ ಹೆಂಗಸರ ಅನ್ನ ಪೂರ್ತಿ ಅಂಗಳದ ಪಾಲಾದಾಗ ನಾಗೇಶಣ್ಣನಿಗೆ ರೇಗಿಹೋಯಿತು. ಮೊಳೆಯಿಂದ ಸಿಲಿಂಡರ್ ಎಳೆದರು, ಪಿನ್ ಕಿತ್ತರು, ಒಂದೇ ಸಲ ಪುಸ್ ಎಂದು ಒತ್ತಿದರು. ಬಿಳಿಯ ಮೋಡ ಎದ್ದಿತು. ಮೋಡ ಇಳಿದಾಗ ಅಂಗಳದಲ್ಲಿ ಒಂದು ಮಂಗವೂ ಇರಲಿಲ್ಲ. ದೊಡ್ಡದು ಮಾತ್ರ ದೂರದ ಕಂಬದ ಮೇಲೆ, ಮುಖದ ತುಂಬ ಪೌಡರು, ಮದುವೆಗೆ ಹೊರಟವರ ಹಾಗೆ. ಆವತ್ತು ನಕ್ಕ ಹಾಗೆ ಆ ಶೆಡ್ಡಿನಲ್ಲಿ ಯಾರೂ ಯಾವತ್ತೂ ನಕ್ಕಿರಲಿಲ್ಲ. ಅಮ್ಮ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು.

ಪಿನ್ ಎಲ್ಲಿ ಹೋಯಿತೋ. ನಾಗೇಶಣ್ಣ ಹಿಡಿಕೆಗೆ ಒಂದು ಬಾಳೆನಾರು ಕಟ್ಟಿ ಸಿಲಿಂಡರನ್ನು ಮೊಳೆಗೆ ಹಾಕಿದರು.

ನಾನು ಸುಮ್ಮನಿರಲಿಲ್ಲ. ಸುಮ್ಮನಿರುವುದು ನನಗೆ ಬರುವುದಿಲ್ಲ. ಅದು ಬೆಂಕಿಗೆ ಇಟ್ಟದ್ದು, ಮಂಗಕ್ಕಲ್ಲ, ಹೀಗೆ ಮಾಡಿದರೆ ಬೇಕಾದಾಗ ಪುಡಿ ಇರುವುದಿಲ್ಲ ಎಂದು ಎಲ್ಲರೆದುರೇ ವಾದಕ್ಕೆ ನಿಂತೆ.

"ಅಲ್ಲ ಮಾರಾಯ್ತಿ, ಬೆಂಕಿ ಬಿದ್ರೆ ಬೇಕು, ಒಪ್ದೆ. ಮಂಗ ಬಿದ್ರೆ ಎಂತ ಮಾಡೋದು? ಅದ್ನೂ ಹೇಳು" ಎಂದರು ನಾಗೇಶಣ್ಣ.

ಪುಡಿ ಖಾಲಿಯಾಗುತ್ತದೆ ಎಂದೆ. ಅವರು ಸಿಲಿಂಡರನ್ನು ನನ್ನ ಕೈಗೇ ಕೊಟ್ಟು ಎತ್ತಿ ನೋಡು ಎಂದರು. ಭಾರವಿತ್ತು. ಒತ್ತಡ ಹೋಗಿರಬಹುದು ಎಂದೆ. ಅವರು ಹೆಬ್ಬೆರಳಿನಲ್ಲಿ ಮೀಟರಿನ ಕುಂಕುಮ ಒರೆಸಿ ಮುಳ್ಳನ್ನು ತೋರಿಸಿದರು. ಮುಳ್ಳು ಹಸಿರು ಪಟ್ಟಿಯ ಮೇಲೇ ನಿಂತಿತ್ತು.

"ಈಗ ಎಂತ ಹೇಳ್ತೀರಿ ವಕೀಲಮ್ಮ?"

ಎದುರಾಳಿ ಸಾಕ್ಷ್ಯ ಮುಂದಿಟ್ಟಿದ್ದ. ನನ್ನ ಹತ್ತಿರ ಇದ್ದದ್ದು ತತ್ತ್ವ ಮಾತ್ರ. ಯಾವ ತೀರ್ಪುಗಾರರಾದರೂ ಅವರಿಗೇ ಬಹುಮಾನ ಕೊಡುತ್ತಿದ್ದರು. ಅಮ್ಮ ಹಾಳೆಯನ್ನು ಅಚ್ಚಿಗಿಡುತ್ತಾ, ಸೋತಿದ್ದಕ್ಕೆ ಮುಖ ಊದಿಸ್ಕೋಬೇಡ ಕೂಸೇ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಮತ್ತೆ ನಗು.

ಆಮೇಲೆ ನಡೆದದ್ದು ಇನ್ನೂ ತಮಾಷೆ. ಮಂಗಗಳು ಬರುವುದು ನಿಲ್ಲಲಿಲ್ಲ, ಆದರೆ ಸಿಲಿಂಡರನ್ನು ಒತ್ತುವ ಅಗತ್ಯವೇ ಬೀಳಲಿಲ್ಲ. ತೋರಿಸಿದರೆ ಸಾಕಿತ್ತು. ಬಾಗಿಲ ಹತ್ತಿರ ಯಾರಾದರೂ ಕೆಂಪು ಸಿಲಿಂಡರ್ ಎತ್ತಿ ಹಿಡಿದರೆ ದೊಡ್ಡ ಮಂಗ ಕಿರುಚಿ ಗುಂಪನ್ನು ಕರೆದುಕೊಂಡು ಹೋಗುತ್ತಿತ್ತು. ಈ ಕೆಲಸ ಅಮ್ಮನ ಪಾಲಿಗೆ ಬಂತು. ಅವಳು ಸಿಲಿಂಡರನ್ನು ಮಗುವನ್ನು ಎತ್ತಿಕೊಂಡ ಹಾಗೆ ಸೊಂಟಕ್ಕಿಟ್ಟು ಬಾಗಿಲಿಗೆ ಬಂದರೆ ಕಂಬದಿಂದ ಕಂಬಕ್ಕೆ ಮಂಗಗಳು ಹಾರುತ್ತಿದ್ದವು. ಒಂದು ಸಲವೂ ಒತ್ತಬೇಕಾಗಿ ಬರಲಿಲ್ಲ. ಹಾಗಾಗಿ ಅದರೊಳಗೆ ಏನಿದೆ, ಏನಿಲ್ಲ ಎಂದು ತಿಳಿಯುವ ಸಂದರ್ಭವೂ ಬರಲಿಲ್ಲ. ಮಂಗಗಳೂ ನಾವೂ ಬಣ್ಣವನ್ನು ನಂಬಿದ್ದೆವು.

ಏಪ್ರಿಲ್ ಮುಗಿಯುತ್ತಿತ್ತು. ಬೆಳಗಿನಿಂದ ಮೋಡ ಕಟ್ಟಿ, ಗಾಳಿಯಿಲ್ಲದೆ, ಮೈ ಅಂಟಂಟು. ಕೆಲಸದ ನಡುವೆ ಕರೆಂಟು ಹೋಯಿತು. ಅಮ್ಮನ ಅಚ್ಚಿನಲ್ಲಿ ಒಂದು ಹಾಳೆ ಇತ್ತು, ಅದನ್ನು ಅಲ್ಲೇ ಬಿಟ್ಟು ಎದ್ದಳು. ಹೇಗೂ ಊಟದ ಹೊತ್ತು ಎಂದು ಎಲ್ಲರೂ ಹೊರಗೆ ಬಂದು ತೊಟ್ಟಿಯ ಪಕ್ಕ ನೆರಳಿನಲ್ಲಿ ಕೂತರು. ನಾನೂ ನನ್ನ ಡಬ್ಬಿ ತಂದೆ. ನಾಗೇಶಣ್ಣ ಪಿಕಪ್ಪಿನ ಜೊತೆ ಕಿಗ್ಗಕ್ಕೆ ಹೋಗಿದ್ದರು. ಸುಮಿತ್ರಕ್ಕ ತನ್ನ ಮಗಳ ನಾದಿನಿಯ ವಿಷಯ ಹೇಳುತ್ತಿದ್ದಳು, ಎಲ್ಲರೂ ಆ ನಾದಿನಿಗೆ ಬೈಯುವುದರಲ್ಲಿ ಒಂದಾಗಿದ್ದರು. ನನ್ನ ಕೋಣೆಯ ಫ್ಯಾನು ತಿರುಗಲು ಶುರುವಾದದ್ದು ಕೇಳಿಸಿತು. ಕರೆಂಟು ಬಂತಲ್ಲ ಎಂದು ಯಾರೋ ಹೇಳಿದರು. ಬರಲಿ, ಬಿಸಿಯಾಗಲಿ ಎಂದು ಇನ್ನೊಬ್ಬರು.

ವಾಸನೆ ಬಂದಾಗ ಯಾರೂ ತಲೆ ಎತ್ತಲಿಲ್ಲ. ದಿನವಿಡೀ ಹಾಳೆ ಬೇಯುವ ಜಾಗದಲ್ಲಿ ಹಾಳೆಯ ವಾಸನೆ ಸುದ್ದಿಯಲ್ಲ. ಅಮ್ಮನ ಮೂಗಿಗೆ ಮಾತ್ರ ವ್ಯತ್ಯಾಸ ತಿಳಿಯಿತು. ತುತ್ತು ಅರ್ಧಕ್ಕೆ ನಿಲ್ಲಿಸಿ ಶೆಡ್ಡಿನ ಕಡೆ ನೋಡಿದಳು. ಶೀಟಿನ ಸಂದಿಯಿಂದ ಹೊಗೆ ಬರುತ್ತಿತ್ತು.

ಎಲ್ಲರೂ ಒಟ್ಟಿಗೆ ಎದ್ದರು. ಯಾರೋ ತೊಟ್ಟಿಯಿಂದ ಬಕೆಟ್ ತುಂಬಿದರು. ಒಳಗೆ ಹೀಟರಿಗೆ ಕರೆಂಟು ಹರಿಯುತ್ತಿತ್ತು, ನೀರು ಹೊಯ್ದರೆ ಹೊಯ್ದವರು ಉಳಿಯುವುದಿಲ್ಲ. ನಾನು ನೀರು ಬೇಡ, ಕರೆಂಟಿದೆ ಎಂದು ಕೂಗುತ್ತಾ ಮೇನ್ ಸ್ವಿಚ್ಚಿಗೆ ಓಡಿದೆ. ಅದು ನನ್ನ ಕೋಣೆಯ ಹೊರಗೋಡೆಯಲ್ಲಿತ್ತು. ಹಿಡಿಕೆ ಬಿಗಿಯಾಗಿತ್ತು, ಎರಡೂ ಕೈಯಲ್ಲಿ ನೇತುಬಿದ್ದ ಹಾಗೆ ಎಳೆದೆ. ಫ್ಯಾನು ನಿಂತಿತು. ತಿರುಗಿದೆ. ಅಂಗಳದಲ್ಲಿ ಎಲ್ಲರೂ ಇದ್ದರು, ಅಮ್ಮ ಇರಲಿಲ್ಲ. ಬಾಗಿಲ ಪಕ್ಕದ ಮೊಳೆಯೂ ಖಾಲಿ.

ಬಾಗಿಲಿಗೆ ಬಂದರೆ ಅವಳ ಬೆನ್ನು ಕಂಡಿತು. ಮೆಷಿನ್ನುಗಳ ಸಾಲಿನ ನಡುವೆ, ಸೊಂಟಕ್ಕೆ ಸಿಲಿಂಡರ್ ಇಟ್ಟುಕೊಂಡು, ಮಂಗ ಓಡಿಸಲು ಹೋದ ಹಾಗೆಯೇ ಹೋಗುತ್ತಿದ್ದಳು. ಕೊನೆಯಲ್ಲಿ ಅವಳ ಮೆಷಿನ್ ಉರಿಯುತ್ತಿತ್ತು. ಅಚ್ಚಿನಲ್ಲಿ ಬಿಟ್ಟ ಹಾಳೆ ಹೊತ್ತಿಕೊಂಡು, ಅದರಿಂದ ಬುಡದ ಚೂರಿನ ರಾಶಿಗೆ ಇಳಿದಿತ್ತು. ಬೆಂಕಿ ಇನ್ನೂ ಅವಳ ಮೊಣಕಾಲೆತ್ತರ. ಅವಳು ಹೆದರಿರಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಹೆದರಿದ್ದರೆ ದೂರ ನಿಲ್ಲುತ್ತಿದ್ದಳು. ಕೈಯಲ್ಲಿ ಅದು ಇದ್ದದ್ದಕ್ಕೇ ಅಷ್ಟು ಹತ್ತಿರ ಹೋದಳು.

ಬಾಳೆನಾರು ಕಿತ್ತಳು. ಪೈಪಿನ ಮೂತಿ ಬೆಂಕಿಗೆ ಹಿಡಿದಳು. ಒತ್ತಿದಳು.

ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಮೂತಿಯಿಂದ ಒಂದು ಚಿಟಿಕೆ ಪುಡಿ ಉದುರಿತು, ಹಳೆಯ ಗೋಡೆಯ ಸುಣ್ಣದ ಹಾಗೆ. ಅವಳು ಸಿಲಿಂಡರನ್ನು ಅಲ್ಲಾಡಿಸಿದಳು, ಬುಡಕ್ಕೆ ತಟ್ಟಿದಳು, ಮೀಟರನ್ನು ಮುಖದ ಹತ್ತಿರ ತಂದು ನೋಡಿದಳು. ಅಮ್ಮಾ ಬಾ ಎಂದು ನಾನು ಕೂಗಿದ್ದು ಅವಳಿಗೆ ಕೇಳಿಸಿತು, ಯಾಕೆಂದರೆ ತಲೆಯನ್ನು ಸ್ವಲ್ಪ ಈ ಕಡೆ ತಿರುಗಿಸಿದಳು. ಆದರೆ ಬರಲಿಲ್ಲ. ಮತ್ತೆ ಒತ್ತಿದಳು.

ಆ ಹೊತ್ತಿಗೆ ಉರಿಯುವ ಹಾಳೆಯ ಒಂದು ಪದರ ಗಾಳಿಪಟದ ಹಾಗೆ ಮೇಲೆದ್ದು, ಅವಳ ತಲೆಯ ಮೇಲಿಂದ ಹಾದು, ಸುಮಿತ್ರಕ್ಕನ ರಾಶಿಯ ಮೇಲೆ ಇಳಿಯಿತು. ಅದು ನಿಧಾನವಾಗಿ ಇಳಿದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಸುಮಿತ್ರಕ್ಕನ ರಾಶಿ ಇದ್ದದ್ದು ಅಮ್ಮನಿಗೂ ಬಾಗಿಲಿಗೂ ನಡುವೆ. ಯಾರೂ ಮುಟ್ಟದೆ ಕಾಪಾಡಿದ ಒಣಚೂರು ಬುಸ್ಸೆಂದು ಹೊತ್ತಿತು. ಅದರಾಚೆಯದು, ಅದರಾಚೆಯದು. ಬಾಗಿಲಿಗೆ ಬರುವ ದಾರಿಯೇ ಉರಿಯತೊಡಗಿತು. ಅಮ್ಮ ಹೊಗೆಯಲ್ಲಿ ಕಾಣಿಸಲಿಲ್ಲ.

ನಾನು ಏನು ಮಾಡಿದೆ ಎಂದು ಕೇಳಿದರೆ, ನಿಂತಿದ್ದೆ. ಮಾಡಿದ್ದು ಸುಮಿತ್ರಕ್ಕ. ಮೇನ್ ತೆಗೆದಿಯಾ ಎಂದು ನನ್ನ ಭುಜ ಹಿಡಿದು ಕೇಳಿದಳು. ತಲೆಯಾಡಿಸಿದೆ. ಅವಳು ತೊಟ್ಟಿಗೆ ಕೈಹಾಕಿ, ನೆನೆದು ಭಾರವಾದ ಹಾಳೆಗಳನ್ನು ಮಡಿಲ ತುಂಬ ಎತ್ತಿಕೊಂಡು ಬಂದು ಬೆಂಕಿಯ ಮೇಲೆ ಒಂದೊಂದಾಗಿ ಹಾಸಿದಳು. ಉಳಿದವರಿಗೆ ಅರ್ಥವಾಯಿತು. ತೊಟ್ಟಿಯಿಂದ ಬಾಗಿಲಿಗೆ ಹೆಂಗಸರ ಸಾಲು, ಕೈಯಿಂದ ಕೈಗೆ ಒದ್ದೆ ಹಾಳೆ. ಚುಸ್, ಚುಸ್, ಚುಸ್. ಉರಿಯುವ ನೆಲದ ಮೇಲೆ ಕಪ್ಪಗೆ ಹೊಗೆಯಾಡುವ ಒಂದು ಸಣ್ಣ ದಾರಿ ಮೂಡಿತು. ಲಲಿತಾ, ಹಾಳೆ ಮೇಲೆ ಕಾಲಿಡು, ಹಾಳೆ ಮೇಲೆ ಕಾಲಿಡು ಎಂದು ಎಲ್ಲರೂ ಅಮ್ಮನ ಹೆಸರು ಹಿಡಿದು ಕೂಗುತ್ತಿದ್ದರು. ಹೊಗೆಯೊಳಗಿಂದ ಮೊದಲು ಅವಳ ಕೆಮ್ಮು ಬಂತು, ಆಮೇಲೆ ಅವಳು.

ಬಲಗೈ ಮೊಣಕೈಯವರೆಗೆ ಸುಟ್ಟಿತ್ತು. ಪ್ಲಾಸ್ಟಿಕ್ ಬಳೆ ಕರಗಿ ಚರ್ಮಕ್ಕೆ ಅಂಟಿತ್ತು. ಎಡಗೈಯಲ್ಲಿ ಸಿಲಿಂಡರ್ ಇತ್ತು. ಅದನ್ನು ಅವಳು ಬಿಟ್ಟು ಬಂದಿರಲಿಲ್ಲ. ನಾವು ಕೈಯಿಂದ ಬಿಡಿಸಬೇಕಾಯಿತು.

ಕೊಪ್ಪದಿಂದ ಅಗ್ನಿಶಾಮಕದ ಗಾಡಿ ಬಂದು ಬೆಂಕಿ ಆರಿಸುವ ಹೊತ್ತಿಗೆ ಶೆಡ್ಡಿನ ಒಳಭಾಗ ಹೋಗಿತ್ತು. ಹಿಂದಿನ ಬಾಗಿಲು ಈಗ ಎಲ್ಲರಿಗೂ ಕಾಣುತ್ತಿತ್ತು, ಅದರ ಪಕ್ಕದಲ್ಲಿ ಎರಡನೆಯ ಸಿಲಿಂಡರ್ ಕಪ್ಪಗಾಗಿ ನೇತಾಡುತ್ತಿತ್ತು. ಆಸ್ಪತ್ರೆಯಲ್ಲಿ ಅಮ್ಮನ ಕೈಗೆ ಮದ್ದು ಕಟ್ಟುವಾಗ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನಾಗೇಶಣ್ಣ ಕಿಗ್ಗದಿಂದ ನೇರ ಅಲ್ಲಿಗೇ ಬಂದರು. ಶೆಡ್ಡಿನ ಮಾತು ಎತ್ತಲಿಲ್ಲ. ನನ್ನ ಪಕ್ಕ ಕೂತು, ಕೈ ಬರ್ತದಂತಾ ಎಂದು ಕೇಳಿದರು. ಬೆರಳು ಮಡಚಲು ಬಂದರೆ ಬಂದ ಹಾಗೆ ಎಂದು ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವರು ಬಹಳ ಹೊತ್ತು ತಮ್ಮ ಹೆಬ್ಬೆರಳನ್ನೇ ನೋಡುತ್ತಾ ಕೂತರು.

"ಮುಳ್ಳು ಹಸಿರಲ್ಲೇ ಇತ್ತು. ನೀನೂ ನೋಡಿದ್ಯಲ್ಲ" ಎಂದರು ಕೊನೆಗೆ. ನೋಡಿದ್ದೆ. ಅದೇ ನನಗೂ ಬಗೆಹರಿಯದ ಪ್ರಶ್ನೆ. ಸಿಲಿಂಡರ್ ತುಂಬಿಸಿಕೊಟ್ಟವನು ಮೋಸ ಮಾಡಿದ್ದಾನೆ, ಬಿಡಬಾರದು ಎಂದು ಅವರು ಶುರುಮಾಡಿದಾಗ ನನಗೂ ಹೌದೆನ್ನಿಸಿತ್ತು. ಯಾರ ಮೇಲಾದರೂ ಆರೋಪ ಹೊರಿಸುವುದು ಆ ಬೆಂಚಿನ ಮೇಲೆ ಸುಮ್ಮನೆ ಕೂರುವುದಕ್ಕಿಂತ ಸುಲಭವಿತ್ತು.

ಉತ್ತರ ಸಿಕ್ಕಿದ್ದು ಅಗ್ನಿಶಾಮಕ ಠಾಣೆಯ ಅಧಿಕಾರಿಯಿಂದ. ಮಾರನೆಯ ದಿನ ಸುಟ್ಟ ಜಾಗ ನೋಡಲು ಬಂದವರು ಸಿಲಿಂಡರ್ ಎತ್ತಿ, ಮುಳ್ಳು ಕೆಂಪಿನಲ್ಲಿ ಬಿದ್ದಿರುವುದನ್ನು ನೋಡಿ, ಇದನ್ನು ಮೊದಲು ಯಾವಾಗಲಾದರೂ ಒತ್ತಿದ್ದಿರಾ ಎಂದು ಕೇಳಿದರು. ನಾಗೇಶಣ್ಣನೇ, ತಲೆ ತಗ್ಗಿಸದೆ, ಮಂಗದ ಕಥೆ ಪೂರ್ತಿ ಹೇಳಿದರು. ಒಂದೇ ಸಲ ಸಾರ್, ಕಣ್ಣುಮುಚ್ಚಿ ತೆಗೆಯುವಷ್ಟು, ಆಮೇಲೂ ಮುಳ್ಳು ಹಸಿರಲ್ಲೇ ಇತ್ತು ಎಂದರು.

ಇರುತ್ತದೆ ಎಂದರು ಅಧಿಕಾರಿ. ಒಮ್ಮೆ ಒತ್ತಿದರೆ ಪುಡಿಯ ಕಣ ಬಾಯಿಯ ರಬ್ಬರಿನಲ್ಲಿ ಸಿಕ್ಕಿಕೊಳ್ಳುತ್ತದಂತೆ. ಆಮೇಲೆ ಬಾಯಿ ಪೂರ್ತಿ ಮುಚ್ಚುವುದೇ ಇಲ್ಲ. ಸದ್ದಿಲ್ಲದೆ, ವಾಸನೆಯಿಲ್ಲದೆ ಒಳಗಿನ ಒತ್ತಡ ಸೋರಿಹೋಗುತ್ತದೆ. ಪುಡಿ ಹಾಗೇ ಇರುತ್ತದೆ, ಭಾರವೂ ಹಾಗೇ ಇರುತ್ತದೆ, ಹೊರಗೆ ತಳ್ಳುವ ಶಕ್ತಿ ಮಾತ್ರ ಇರುವುದಿಲ್ಲ. ಒಂದು ಕ್ಷಣ ಒತ್ತಿದರೂ ಅದು ಬಳಸಿದ ಸಿಲಿಂಡರ್, ಮತ್ತೆ ತುಂಬಿಸಲು ಕೊಡಲೇಬೇಕು. ತಿಂಗಳಿಗೊಮ್ಮೆ ಮೀಟರು ನೋಡಬೇಕು, ಪಿನ್ನೂ ಸೀಲೂ ಇದೆಯೇ ನೋಡಬೇಕು, ಎದುರಿಗೆ ಸಾಮಾನು ಪೇರಿಸಬಾರದು. ಇಷ್ಟನ್ನೂ ಅವರು ಬೈಯದೆ, ಮಾಮೂಲಿ ದನಿಯಲ್ಲಿ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ನಾನು ಅಲ್ಲೇ, ಮಸಿ ನೀರಿನಲ್ಲಿ ನಿಂತು, ಮಾರ್ಚಿನ ಆ ವಾದವನ್ನು ತಲೆಯೊಳಗೆ ಮತ್ತೆ ನಡೆಸಿದೆ. ನನ್ನ ತೀರ್ಮಾನ ಸರಿಯಿತ್ತು, ಪುಡಿ ಖಾಲಿಯಾಗುತ್ತದೆ ಎಂದು ಕೊಟ್ಟ ಕಾರಣ ತಪ್ಪಿತ್ತು. ನಾಗೇಶಣ್ಣ ತೋರಿಸಿದ ಸಾಕ್ಷ್ಯ ನಿಜವಿತ್ತು, ಆ ಒಂದು ಗಳಿಗೆಗೆ ಮಾತ್ರ. ನಮ್ಮಿಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರೂ ಕೈಯಾರೆ ಎತ್ತಿ, ಕಣ್ಣಾರೆ ನೋಡಿ ಒಪ್ಪಿದ ಮಾತು ಅಮ್ಮನ ಕೈ ಸುಟ್ಟಿತ್ತು. ಚರ್ಚೆಯ ವೇದಿಕೆಯಲ್ಲಿ ಇಂಥದ್ದೊಂದು ಆಗಬಹುದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಾತು ಮುಗಿದ ಮೇಲೂ ಸಾಕ್ಷ್ಯ ಮೆಲ್ಲಗೆ ಸೋರುತ್ತಾ ಇರಬಹುದು ಎಂದು.

ಅಧಿಕಾರಿ ಹೋಗುವ ಮುಂಚೆ ಒಂದು ಮಾತು ಹೇಳಿದರು. ಶೆಡ್ಡು ಮತ್ತೆ ಶುರುಮಾಡುವಾಗ ತಿಳಿಸಿ, ಬಂದು ಎಲ್ಲರಿಗೂ ಕೈಯಲ್ಲಿ ಹಿಡಿಸಿ ತೋರಿಸುತ್ತೇನೆ ಎಂದರು.

ಮಳೆ ಹಿಡಿಯುವ ಮುಂಚೆ ಶೆಡ್ಡಿನ ಮುಂಭಾಗಕ್ಕೆ ಹೊಸ ಶೀಟು ಬಂತು. ಮೆಷಿನ್ನುಗಳು ಕಡಿಮೆಯಾದವು, ಹಾಳೆ ಕಟ್ಟುಗಳಿಗೆ ಅಂಗಳದಾಚೆ ಬೇರೆ ಮಾಡು ಎದ್ದಿತು. ಚೂರಿಗೆ ಹೊರಗೆ ಸಿಮೆಂಟಿನ ಗುಂಡಿ, ಮನೆಗೆ ಒಯ್ಯುವವರು ಅಲ್ಲಿಂದ ಒಯ್ಯಬೇಕು. ಸುಮಿತ್ರಕ್ಕ ಇದಕ್ಕೆ ಒಂದು ದಿನ ಗೊಣಗಿದಳು. ಮೆಷಿನ್ನುಗಳಿಗೆಲ್ಲ ಹೊಸ ಸ್ವಿಚ್ಚು ಬಂತು, ಬಿಸಿ ಹೆಚ್ಚಾದರೆ ತಾನೇ ಆರುವಂಥದ್ದು. ಬಾಗಿಲ ಎರಡೂ ಪಕ್ಕ ಹೊಸ ಸಿಲಿಂಡರ್. ಅಮ್ಮನ ಬೆರಳು ಮಡಚಲು ಬರುತ್ತಿತ್ತು, ಹಿಡಿಕೆ ಎಳೆಯುವಷ್ಟು ಬಿಗಿ ಇನ್ನೂ ಬಂದಿರಲಿಲ್ಲ. ಆದರೂ ಅಧಿಕಾರಿ ಬರುವ ದಿನ ತಾನೂ ಬರುತ್ತೇನೆ ಎಂದು ಹಠ ಹಿಡಿದು, ಕೈಗೆ ಬಿಳಿ ಬಟ್ಟೆ ಸುತ್ತಿಕೊಂಡು ನನ್ನ ಜೊತೆ ಬಂದಳು.

ಅಂಗಳದ ನಡುವೆ ಒಂದು ತಗಡಿನ ಬಾನಿ ಇಟ್ಟು ಅದರಲ್ಲಿ ಬೆಂಕಿ ಹಚ್ಚಿದರು. ಬಾನಿಯ ಬೆಂಕಿ ಕಂಡ ಕೂಡಲೇ ಅಮ್ಮ ನನ್ನ ಸೆರಗಿನ ತುದಿ ಹಿಡಿದುಕೊಂಡಳು, ಯಾರಿಗೂ ಕಾಣದ ಹಾಗೆ. ಅಧ್ಯಾಪಕರ ಹಾಗೆ ಅಧಿಕಾರಿ ಒಂದೊಂದೇ ಹೇಳಿದರು. ಮೊದಲು ಬೇರೆಯವರಿಗೆ ಕೂಗಿ ಹೇಳಿ. ಕರೆಂಟು ತೆಗೆಯಿರಿ. ಮೀಟರು ನೋಡಿಯೇ ಸಿಲಿಂಡರ್ ಎತ್ತಿ. ಬಾಗಿಲು ಯಾವಾಗಲೂ ನಿಮ್ಮ ಬೆನ್ನ ಹಿಂದೆ ಇರಲಿ, ಬೆಂಕಿ ನಿಮಗೂ ಬಾಗಿಲಿಗೂ ನಡುವೆ ಬರಬಾರದು. ಪಿನ್ ಕೀಳಿ, ಜ್ವಾಲೆಗೆ ಬಿಡಬೇಡಿ, ಬುಡಕ್ಕೆ ಬಿಡಿ, ಕಸಬರಿಗೆಯಾಡಿಸಿದ ಹಾಗೆ ಆ ಕಡೆ ಈ ಕಡೆ ಆಡಿಸಿ. ಒಬ್ಬೊಬ್ಬರಾಗಿ ಮುಂದೆ ಹೋಗಿ ಒತ್ತಿದರು. ಬಿಳಿ ಪುಡಿ ಹಾರಿತು. ಸುಮಿತ್ರಕ್ಕನ ಮುಖಕ್ಕೆಲ್ಲ ಬಿದ್ದಿತು. ಮಂಗದ ನೆನಪು ಎಲ್ಲರಿಗೂ ಬಂದಿರಬೇಕು, ಯಾರೂ ನಗಲಿಲ್ಲ.

ಅಮ್ಮನ ಸರದಿ ಬಂತು. ಕೈ ನೋವಿದ್ದರೆ ಬೇಡ ಎಂದರು ಅಧಿಕಾರಿ. ಅವಳು ಮುಂದೆ ಹೋದಳು, ಸಿಲಿಂಡರನ್ನು ಮುಟ್ಟಲಿಲ್ಲ.

"ಸಾರ್, ಒತ್ತಿದ್ರೂ ಬರ್ಲಿಲ್ಲ ಅಂದ್ರೆ?"

"ಅಲ್ಲೇ ಬಿಸಾಕಿ ಹೊರಗೆ ಓಡಿಬರಬೇಕಮ್ಮ."

"ಮೆಷಿನ್ ಬಿಟ್ಟು?"

"ಮೆಷಿನ್, ಹಾಳೆ, ಶೆಡ್ಡು, ಎಲ್ಲ ಬಿಟ್ಟು. ಅದು ಬಂದ್ರೂ ಬೆಂಕಿ ಹತೋಟಿಗೆ ಬರ್ಲಿಲ್ಲ ಅಂದ್ರೂ ಅಷ್ಟೇ. ನೀವು ಮೊದಲು."

ಅಮ್ಮ ಅಧಿಕಾರಿಯ ಮುಖ ಬಿಟ್ಟು ನಾಗೇಶಣ್ಣನ ಕಡೆ ತಿರುಗಿದಳು. ಅವರ ಮಾತು ಬರುವವರೆಗೆ ಈ ಮಾತು ಪೂರ್ತಿಯಾಗುವುದಿಲ್ಲ ಎನ್ನುವ ಹಾಗೆ ಕಾದಳು. ಅವರು ಹೌದು ಲಲಿತಾ ಎಂದಷ್ಟೇ ಹೇಳಿದರು.

"ಹಂಗಾದ್ರೆ ಅವತ್ತೇ ಓಡ್ಬಹುದಿತ್ತಾ?"

ಆಕ್ಷೇಪಣೆಯ ದನಿ ಅದರಲ್ಲಿರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದು. ಅವಳು ಬೆಂಕಿಯ ದಿನ ಬಾಗಿಲ ಕಡೆ ತಲೆ ತಿರುಗಿಸಿ, ನನ್ನ ಕೂಗು ಕೇಳಿಯೂ ಬರದೆ ಮತ್ತೆ ಒತ್ತಿದ್ದು ಯಾಕೆ ಎಂದು ನನಗೆ ಆಗ ಗೊತ್ತಾಯಿತು. ಪುಡಿಯ ಬಗ್ಗೆ ವಾದಿಸಿದ್ದೆವು, ಮುಳ್ಳಿನ ಬಗ್ಗೆ, ಭಾರದ ಬಗ್ಗೆ ವಾದಿಸಿದ್ದೆವು. ಬಿಟ್ಟು ಓಡಬಹುದು ಎಂಬ ಮಾತನ್ನು ಇಷ್ಟು ವರ್ಷದಲ್ಲಿ ಆ ಶೆಡ್ಡಿನಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ.

ಬಾನಿಯ ಬೆಂಕಿ ತನ್ನಷ್ಟಕ್ಕೆ ಆರುತ್ತಾ ಬಂದಿತ್ತು. ಅಮ್ಮ ಅದನ್ನು ನೋಡಿ, ಎಡಗೈಯಲ್ಲಿ ಸಿಲಿಂಡರ್ ಎತ್ತಿಕೊಂಡು, ಇನ್ನೊಂದು ಸಲ ಹಚ್ಚಿ ಸಾರ್ ಎಂದಳು.